ನಡುಗಿದ ಸ್ವರ

ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಪಿಯಾನೊ ಕೇಳ್ತಿದ್ದೆ. ದುಡ್ಡು ಕೊಟ್ಟು ಇಳಿಸಿಕೊಂಡ ಫೈಲು. ಒಂದು ಸ್ವರ ಮೆಲ್ಲಗೆ ಆರಬೇಕಾದ ಕಡೆ ಸಣ್ಣಗೆ ನಡುಗಿತು, ನೀರಿನಡಿಯಿಂದ ಕೇಳಿದ ಹಾಗೆ. ಅದೇ ಧ್ವನಿಮುದ್ರಣದ ಹಳೆಯ ಸಿ.ಡಿ. ಹುಡುಕಿ ಹಾಕಿದೆ. ಅಲ್ಲಿ ನಡುಕವೇ ಇಲ್ಲ. ಸ್ವರ ತೆಳುವಾಗುತ್ತಾ ಹೋಗಿ ಮೌನದಲ್ಲಿ ಕರಗುತ್ತೆ.

ವಾಟರ್‌ಮಾರ್ಕ್ ಅಂತಲೇ ನನ್ನ ಅನುಮಾನ. ನಕಲು ಎಲ್ಲಿಂದ ಹೊರಟಿತು ಅಂತ ಪತ್ತೆಹಚ್ಚಲು ಸಂಗೀತದೊಳಗೇ ಬೆರೆಸಿಡುವ ಗುರುತು. ಗದ್ದಲದ ಹಾಡಿನಲ್ಲಿ ಅಡಗಿಬಿಡುತ್ತೆ. ಒಂಟಿ ಪಿಯಾನೊದಲ್ಲಿ ಅಡಗೋಕೆ ಜಾಗ ಎಲ್ಲಿದೆ?

ಇದು ಹಳೇ ಕಥೆ. 1987ರ ಹೊತ್ತಿಗೆ ಅಮೆರಿಕದ ಸಂಗೀತ ಕಂಪನಿ ಸಿಬಿಎಸ್, ನಕಲು ತಡೆಯೋಕೆ ‘ಕಾಪಿಕೋಡ್’ ಅನ್ನೋ ತಂತ್ರ ತರಲು ಹೊರಟಿತ್ತು. ಸಂಗೀತದಿಂದ 3,840 ಹರ್ಟ್ಜ್ ಕಂಪನಾಂಕದ ಆಸುಪಾಸಿನ ಒಂದು ಸೀಳನ್ನೇ ಕತ್ತರಿಸಿ ತೆಗೆಯೋದು. ಆ ಖಾಲಿ ಜಾಗ ಕಂಡ ಡ್ಯಾಟ್ (ಡಿಜಿಟಲ್ ಟೇಪ್) ರೆಕಾರ್ಡರ್ ನಕಲು ನಿಲ್ಲಿಸಬೇಕು. ಪಿಯಾನೊದ ಬಲತುದಿಯ ಕೀಲಿಗಳ ಸ್ವರ ಇರೋದೇ ಅಲ್ಲಿ! 1988ರಲ್ಲಿ ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆ ಪರೀಕ್ಷಿಸಿ, ಧ್ವನಿ ಕೆಡುತ್ತೆ, ತಪ್ಪಿಸಿಕೊಳ್ಳೋದೂ ಸುಲಭ ಅಂದಿತು. ಯೋಜನೆ ಬಿದ್ದುಹೋಯ್ತು.

ಕಲಾವಿದರಿಗೆ ಹಣ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸ್ವರ ಆರುವ ಕ್ಷಣಕ್ಕಾಗಿಯೇ ನಾನು ಕೊಂಡಿದ್ದು. ಇವತ್ತು ಮತ್ತೆ ಸಿ.ಡಿ.ಯನ್ನೇ ಹಾಕ್ತೀನಿ.