ಅಪ್ಪ ಅಮ್ಮನನ್ನು ಊಟಕ್ಕೆ ಎಲ್ಲಿಗೆ ಕರೆದುಕೊಂಡು ಹೋಗಲಿ?

"ಬೆಂಗಳೂರಲ್ಲಿ ಒಂದು ಒಳ್ಳೆ ರೆಸ್ಟೋರೆಂಟ್ ಹೇಳಿ. ಅಪ್ಪ ಅಮ್ಮನ ಮದುವೆಯಾಗಿ ನಲವತ್ತು ವರ್ಷ ಆಯ್ತು. ಸ್ವಲ್ಪ ದುಬಾರಿ ಆದ್ರೂ ಪರವಾಗಿಲ್ಲ."

ಸ್ನೇಹಿತರು, ನೆಂಟರು, ಆಫೀಸಿನವರು, ಯಾರು ಕೇಳಿದರೂ ಪ್ರಶ್ನೆ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಸಂದರ್ಭ ಮಾತ್ರ ಬೇರೆ. ಒಬ್ಬರಿಗೆ ಮಗಳ ಮೊದಲ ಸಂಬಳ, ಇನ್ನೊಬ್ಬರಿಗೆ ಅಣ್ಣನ ನಿವೃತ್ತಿ. ಅವರಿಗೆ ಬೇಕಾಗಿರುವುದು ಒಂದು ಹೆಸರು. ಹೆಸರು ಹೇಳುವ ಮೊದಲು ನಾನು ಒಂದು ಮಾತು ಕೇಳುತ್ತೇನೆ: ಊಟಕ್ಕೆ ಬರುವವರಲ್ಲಿ ಇಂಥ ಜಾಗಗಳ ರೂಢಿ ಎಲ್ಲರಿಗಿಂತ ಕಡಿಮೆ ಇರುವುದು ಯಾರಿಗೆ? ಅವರನ್ನು ಮನಸ್ಸಲ್ಲಿಟ್ಟುಕೊಂಡು ಜಾಗ ಆರಿಸಿ.

ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ. ಇಪ್ಪತ್ತೈದರ ಹುಡುಗ ಎಲ್ಲಿ ಕೂರಿಸಿದರೂ ಖುಷಿಯಾಗಿ ತಿನ್ನುತ್ತಾನೆ. ಅರವತ್ತೈದರ ಅಮ್ಮ ಹಾಗಲ್ಲ. ಮೆನು ಅರ್ಥವಾಗದಿದ್ದರೆ, ಪಕ್ಕದ ತಟ್ಟೆಯಲ್ಲಿ ಏನಿದೆ ಅಂತ ಅನುಮಾನ ಬಂದರೆ, "ನಂಗೇನೂ ಬೇಡಪ್ಪ, ಒಂಚೂರು ಮೊಸರನ್ನ ಸಾಕು" ಅಂದುಬಿಡುತ್ತಾರೆ. ಅಲ್ಲಿಗೆ ಆ ಸಂಜೆ ಎಲ್ಲರಿಗೂ ಸಪ್ಪೆ. ಊಟ ಯಾರ ಹೆಸರಲ್ಲಿ ನಡೆಯುತ್ತಿದೆಯೋ ಅವರೇ ಹೊಟ್ಟೆ ತುಂಬ ತಿನ್ನದಿದ್ದರೆ ಆ ಖರ್ಚಿಗೆ ಏನರ್ಥ?

ನಮ್ಮಲ್ಲಿ ಇದು ಬಹಳ ಸಲ ಸಸ್ಯಾಹಾರದ ಪ್ರಶ್ನೆಯಾಗಿಯೇ ಬರುತ್ತದೆ. ಮೆನುವಿನಲ್ಲಿ ತರಕಾರಿ ಅಂತ ಬರೆದಿದ್ದರೆ ಸಾಕು ಅಂತ ಅನೇಕರು ಅಂದುಕೊಳ್ಳುತ್ತಾರೆ. ಸಾಲದು. ಥಾಯ್ ಅಡುಗೆಯಲ್ಲಿ ಉಪ್ಪಿನ ಕೆಲಸ ಮಾಡುವುದೇ ಫಿಶ್ ಸಾಸ್. ಕರಿ ಪೇಸ್ಟ್ ಅರೆಯುವಾಗಲೇ ಸೀಗಡಿ ಪೇಸ್ಟ್ ಸೇರುತ್ತದೆ. ಇಟಾಲಿಯನ್ ಅಡುಗೆಯ ರಿಸೊಟ್ಟೊ ಅನ್ನ ಎಷ್ಟೋ ಕಡೆ ಕೋಳಿ ಸ್ಟಾಕ್‌ನಲ್ಲಿ, ಅಂದರೆ ಕೋಳಿ ಬೇಯಿಸಿದ ನೀರಲ್ಲಿ, ಬೇಯುತ್ತದೆ. ಇಟಲಿಯ ಅಸಲಿ ಪಾರ್ಮೆಸಾನ್ ಚೀಸ್ ಮಾಡುವಾಗ ಹಾಲು ಒಡೆಯಲು ಹಾಕುವ ರೆನೆಟ್ ಕರುವಿನ ಹೊಟ್ಟೆಯಿಂದ ಬಂದದ್ದು. ಪನ್ನಾ ಕೋಟಾ ಅನ್ನುವ ಬಿಳಿ ಸಿಹಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ನಮ್ಮ ಊರಿನ ಒಳ್ಳೆಯ ಅಡುಗೆಮನೆಗಳಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಕೇಳಿದರೆ ಬೇರೆಯಾಗಿ ಮಾಡಿಕೊಡುತ್ತಾರೆ. ಆದರೆ ಕೇಳಬೇಕು. ಅಮ್ಮನ ಮುಂದೆ ಮೇಜಿನ ಹತ್ತಿರ ಕೇಳುವುದಲ್ಲ, ಹಿಂದಿನ ದಿನವೇ ಫೋನ್ ಮಾಡಿ ಕೇಳಬೇಕು. ಅಮ್ಮನ ಎದುರಿಗೆ ಈ ಮಾತು ಬಂದರೆ, ಆಮೇಲೆ ಎಷ್ಟೇ ಭರವಸೆ ಕೊಟ್ಟರೂ ಅವರು ಆ ತಟ್ಟೆ ಮುಟ್ಟುವುದಿಲ್ಲ.

ಈಗ ಹೆಸರುಗಳು.

ಮನೆಯಲ್ಲಿ ಮೀನು, ಕೋಳಿ ತಿನ್ನುವವರಿದ್ದು, ಹಿರಿಯರೂ ಜೊತೆಗಿದ್ದರೆ ನಾನು ಮೊದಲು ಹೇಳುವುದು ರೆಸಿಡೆನ್ಸಿ ರಸ್ತೆಯ ಕರಾವಳಿ. ತಾಜ್ ಗುಂಪಿನ ಹೋಟೆಲ್‌ನ ಆವರಣದಲ್ಲಿದೆ, 1990ರಲ್ಲಿ ಶುರುವಾಗಿದ್ದು. ಐದು ನಕ್ಷತ್ರದ ಹೋಟೆಲ್ ಅಂದರೆ ಉತ್ತರ ಭಾರತದ ಅಡುಗೆ ಇಲ್ಲವೇ ಕಾಂಟಿನೆಂಟಲ್ ಅಂತಿದ್ದ ಕಾಲದಲ್ಲಿ ಗೋವಾ, ಮಂಗಳೂರು, ಕೊಡಗು, ಕೇರಳದ ಮನೆ ಅಡುಗೆಯನ್ನು ಅಂಥ ಮೇಜಿಗೆ ತಂದ ಜಾಗ ಇದು. ಇಲ್ಲಿನ ಅಡುಗೆಮನೆಯನ್ನು ಬಹಳ ವರ್ಷ ನಡೆಸಿದ ಶೆಫ್ ನರೇನ್ ತಿಮ್ಮಯ್ಯ ಕೊಡಗಿನವರು. ಕೋರಿ ಗಸಿ, ಕೋಳಿ ಬರ್ತಾಡ್, ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ಮೀನು, ಅಪ್ಪಂ. ಯಾವುದನ್ನೂ ನಮ್ಮವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮಂಗಳೂರಿನ ಕಡೆಯ ದೊಡ್ಡಮ್ಮ ಗಸಿಯ ರುಚಿ ನೋಡಿ, "ಇದಕ್ಕೆ ಕೊತ್ತಂಬರಿ ಇನ್ನೊಂಚೂರು ಹುರೀಬೇಕಿತ್ತು" ಅಂತ ಹೇಳಬಹುದು. ಹೇಳಲಿ! ತನಗೆ ಗೊತ್ತಿರುವ ಊಟದ ಬಗ್ಗೆ ಅಧಿಕಾರದಿಂದ ಮಾತಾಡುವುದು ಒಂದು ದೊಡ್ಡ ಸುಖ. ಆ ಸುಖ ಹಿರಿಯರಿಗೆ ಇಂಥ ಜಾಗಗಳಲ್ಲಿ ಸಿಗುವುದೇ ಅಪರೂಪ. ಒಳಗೆ ಹಳೆ ಮನೆಯ ಹಾಗೆ ಮರದ ಕೆಲಸ, ಹೊರಗೆ ಮರದ ನೆರಳಲ್ಲೂ ಮೇಜುಗಳಿವೆ. ಮೇ ತಿಂಗಳಲ್ಲೋ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೋ ಹೋಗುವುದಾದರೆ ಒಳಗಿನ ಮೇಜೇ ಕೇಳಿ. ಬೆಂಗಳೂರಿನ ಸಂಜೆ ಮಳೆ ಹೇಳಿಕೇಳಿ ಬರುವುದಿಲ್ಲ.

ಎಲ್ಲರೂ ಸಸ್ಯಾಹಾರಿಗಳಾದರೆ ಐಟಿಸಿ ವಿಂಡ್ಸರ್ ಹೋಟೆಲ್‌ನ ದಕ್ಷಿಣ್ ನನ್ನ ಮೊದಲ ಆಯ್ಕೆ. ದಕ್ಷಿಣದ ರಾಜ್ಯಗಳ ಅಡುಗೆ, ಬಾಳೆ ಎಲೆ ಹಾಸಿದ ತಟ್ಟೆ, ನಿಧಾನವಾದ ಬಡಿಸುವಿಕೆ. "ಸಾರು ಅನ್ನ ತಿನ್ನೋಕೆ ಅಷ್ಟು ದುಡ್ಡಾ?" ಅಂತ ಕೆಲವರು ಕೇಳುತ್ತಾರೆ. ಮನೆಯಲ್ಲಿ ಜೀವನವಿಡೀ ಬೇರೆಯವರಿಗೆ ಬಡಿಸಿದ ಅಮ್ಮನಿಗೆ, ಅವರದೇ ಊಟವನ್ನು ಬೇರೆಯವರು ಕಾಳಜಿಯಿಂದ ಬಡಿಸುತ್ತಾರೆ. ನನ್ನ ಮಟ್ಟಿಗೆ ಆ ದುಡ್ಡು ಅದಕ್ಕೆ.

ಇಬ್ಬರೇ ಹೋಗುವುದಾದರೆ ಲೆಕ್ಕ ಬೇರೆ. ಆಗ ಊಟದಷ್ಟೇ ಮುಖ್ಯ ಮಾತು. ನಾನು ಹೇಳುವುದು ಎಂ.ಜಿ. ರಸ್ತೆಯ ಒಬೆರಾಯ್ ಹೋಟೆಲ್‌ನಲ್ಲಿರುವ ರಿಮ್ ನಾಮ್, ಅದು ಥಾಯ್ ರೆಸ್ಟೋರೆಂಟ್. ತೋಟಕ್ಕೆ ಮುಖ ಮಾಡಿದೆ, ಪಕ್ಕದಲ್ಲೇ ನೀರು. ಅಷ್ಟು ಗಲಾಟೆಯ ರಸ್ತೆಯ ಮೇಲಿದೆ ಅಂತ ನಂಬಲಾಗದಷ್ಟು ಶಾಂತ. ಫಿಶ್ ಸಾಸ್ ವಿಷಯ ಮಾತ್ರ ಮರೆಯಬೇಡಿ. ಅಡುಗೆಯ ಬಗ್ಗೆ ನಿಜವಾದ ಕುತೂಹಲ ಇರುವವರು ಊರಿನ ಉತ್ತರಕ್ಕಿರುವ ಫಾರ್ಮ್‌ಲೋರ್‌ಗೆ ಹೋಗಬಹುದು. 37 ಎಕರೆ ತೋಟದ ನಡುವೆ ಕೆಲವೇ ಮೇಜುಗಳು. ಮೆನು ನೀವು ಆರಿಸುವುದಿಲ್ಲ, ಅವರೇ ಒಂದಾದ ಮೇಲೊಂದು ತಂದಿಡುತ್ತಾರೆ. ಅದಕ್ಕೆ ಸಮಯ ಬೇಕು, ತಾಳ್ಮೆ ಬೇಕು. ಚಿಕ್ಕ ಮಕ್ಕಳು, ಎಂಟಕ್ಕೆ ಊಟ ಮುಗಿಸಿ ಮಲಗುವ ಹಿರಿಯರು ಇದ್ದರೆ ಬೇಡವೇ ಬೇಡ.

ಬಫೆ ಬಗ್ಗೆಯೂ ಕೇಳುತ್ತಾರೆ. "ಎಲ್ಲಾ ಥರದ್ದೂ ಇರುತ್ತೆ, ಎಲ್ಲರಿಗೂ ಆಗುತ್ತೆ ಅಲ್ವಾ?" ಆಗುತ್ತೆ. ಆದರೆ ವಿಶೇಷ ದಿನಕ್ಕೆ ನಾನು ಬಫೆ ಹೇಳುವುದಿಲ್ಲ. ಒಬ್ಬರು ಕೂತರೆ ಇನ್ನೊಬ್ಬರು ಎದ್ದಿರುತ್ತಾರೆ. ಮಂಡಿ ನೋವಿರುವ ಅಪ್ಪ ತಟ್ಟೆ ಹಿಡಿದು ಸಾಲಲ್ಲಿ ನಿಲ್ಲುತ್ತಾರೆ. ಇಡೀ ಮನೆಯವರು ಒಟ್ಟಿಗೆ ಕೂತು ಹತ್ತು ನಿಮಿಷ ಮಾತಾಡಲು ಆಗುವುದಿಲ್ಲ.

ಇನ್ನೊಂದು, ಜಾಗ ಹಿರಿಯರ ಮನೆಗೆ ಹತ್ತಿರ ಇರಲಿ, ನಿಮ್ಮ ಮನೆಗಲ್ಲ. ಶುಕ್ರವಾರ ಸಂಜೆ ಜಯನಗರದಿಂದ ವೈಟ್‌ಫೀಲ್ಡ್‌ಗೆ ಅಪ್ಪ ಅಮ್ಮನನ್ನು ಕಾರಲ್ಲಿ ಕೂರಿಸಿಕೊಂಡು ಹೋದರೆ, ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಅವರ ಉತ್ಸಾಹ ಅರ್ಧ ಇಳಿದಿರುತ್ತದೆ. ಸಾಧ್ಯವಾದರೆ ವಾರದ ನಡುವೆ ಹೋಗಿ. ಮಂಗಳವಾರ, ಬುಧವಾರ ಜನ ಕಡಿಮೆ, ಬಡಿಸುವವರಿಗೂ ನಿಮ್ಮ ಜೊತೆ ಎರಡು ಮಾತಾಡಲು ಪುರುಸೊತ್ತು. ಫೆಬ್ರವರಿ 14, ಡಿಸೆಂಬರ್ 31ರಂದು ಬಹಳ ಕಡೆ ಅವತ್ತಿನ ಮೆನು ಬೇರೆ, ಬೆಲೆಯೂ ಬೇರೆ. ಆ ದಿನಗಳನ್ನು ಬಿಟ್ಟುಬಿಡಿ.

ಜಾಗ ಗೊತ್ತಾದ ಮೇಲೆ ಆ್ಯಪ್‌ನಲ್ಲಿ ಬುಕ್ ಮಾಡಿ ಸುಮ್ನೆ ಇರಬೇಡಿ. ಮಧ್ಯಾಹ್ನದ ಊಟ ಮುಗಿದ ಮೇಲೆ, ನಾಲ್ಕರಿಂದ ಐದರೊಳಗೆ ಫೋನ್ ಮಾಡಿ. ಆಗ ಅವರಿಗೆ ಬಿಡುವಿರುತ್ತದೆ. ಯಾರ ದಿನ, ಯಾಕೆ ವಿಶೇಷ ಅಂತ ಹೇಳಿ. ಎಷ್ಟು ಮೆಟ್ಟಿಲಿದೆ, ಲಿಫ್ಟ್ ಇದೆಯಾ ಕೇಳಿ. ಕುರ್ಚಿಗೆ ಬೆನ್ನು ಇದೆಯಾ, ಇಲ್ಲ ಮೆತ್ತಗಿನ ತಗ್ಗು ಸೋಫಾನಾ ಕೇಳಿ. ತಗ್ಗು ಸೋಫಾದಿಂದ ಏಳುವುದು ವಯಸ್ಸಾದವರಿಗೆ ದೊಡ್ಡ ಕಷ್ಟ. ಮ್ಯೂಸಿಕ್ ಎಲ್ಲಿ ಬರುತ್ತದೆ ಕೇಳಿ, ಅಲ್ಲಿಂದ ದೂರದ ಮೇಜು ಕೇಳಿ. ಕೆಲವು ಕಡೆ ಚಪ್ಪಲಿ, ಶಾರ್ಟ್ಸ್‌ಗೆ ಬಿಡುವುದಿಲ್ಲ. ಅಪ್ಪ ಪಂಚೆ ಉಡುವವರಾದರೆ ಅದನ್ನೂ ಮುಂಚೆಯೇ ಕೇಳಿ. ಬಾಗಿಲಲ್ಲಿ ಆ ಮಾತು ಬರಲೇಬಾರದು. ಫೋನಲ್ಲಿ ಇದಕ್ಕೆಲ್ಲ ಬೇಸರ ಮಾಡಿಕೊಂಡರೆ ಆ ಜಾಗ ಬಿಡಿ, ಎಷ್ಟೇ ಹೆಸರುವಾಸಿಯಾಗಿರಲಿ. ನನ್ನ ಮಟ್ಟಿಗೆ ಎಲ್ಲ ರಿವ್ಯೂಗಳಿಗಿಂತ ಈ ಐದು ನಿಮಿಷದ ಫೋನ್ ಹೆಚ್ಚು ಹೇಳುತ್ತದೆ.

ಕೊನೆಗೆ ಬಿಲ್. ಮೆನುವಿನಲ್ಲಿರುವ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ರಸ್ತೆ ಬದಿಯ ಸ್ವತಂತ್ರ ರೆಸ್ಟೋರೆಂಟ್ ಆದರೆ ಜಿಎಸ್‌ಟಿ 5%. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ದೊಡ್ಡ ಹೋಟೆಲ್‌ಗಳ ಒಳಗಿನ ರೆಸ್ಟೋರೆಂಟ್‌ಗೆ ಸಾಮಾನ್ಯವಾಗಿ 18%. ಅಂದರೆ 10,000 ರೂಪಾಯಿಯ ಊಟಕ್ಕೆ ಒಂದು ಕಡೆ 500, ಇನ್ನೊಂದು ಕಡೆ 1,800. ಇಬ್ಬರಿಗಾದರೆ ಏನೂ ಅನಿಸದಿರಬಹುದು, ಹತ್ತು ಜನ ಹೋದರೆ ಗೊತ್ತಾಗುತ್ತದೆ. ಕೆಲವು ಕಡೆ ಬಿಲ್‌ಗೆ ರೆಸ್ಟೋರೆಂಟ್‌ನವರೇ ಸೇರಿಸುವ ಸರ್ವಿಸ್ ಚಾರ್ಜ್ ತೆರಿಗೆ ಅಲ್ಲ, ಕೊಡಲೇಬೇಕು ಅಂತಲೂ ಇಲ್ಲ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದನ್ನು ಸ್ಪಷ್ಟವಾಗಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಬೇಡ ಅಂದರೆ ತೆಗೆಯಲು ಹೇಳಬಹುದು, ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಬಡಿಸಿದವರು ಚೆನ್ನಾಗಿ ನೋಡಿಕೊಂಡಿದ್ದರೆ ಅವರ ಕೈಗೇ ಟಿಪ್ಸ್ ಕೊಡುವುದು ನನಗಿಷ್ಟ.

ಬಿಲ್ ಮೇಜಿಗೆ ತರಬೇಡಿ ಅಂತ ಫೋನ್ ಮಾಡಿದಾಗಲೇ ಹೇಳಿರಿ. ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಕಟ್ಟಿ ಬನ್ನಿ. ಅಪ್ಪ ಎಷ್ಟಾಯಿತು ಅಂತ ಕೇಳೇ ಕೇಳುತ್ತಾರೆ, ಮನೆಗೆ ಹೋಗಿ ಹೇಳ್ತೀನಿ ಅನ್ನಿ.