ಗಾಣದ ಎಣ್ಣೆ ಅಂಗಡಿಯ ಲೋಗೊ: ಅಕ್ಷರ ಮುಗಿಯಿತು, ಬೋರ್ಡ್ ಬಾಕಿ

ಚಳ್ಳಕೆರೆಯ ಒಂದು ಮರದ ಗಾಣದ ಅಂಗಡಿಗೆ ಲೋಗೊ ಮಾಡುತ್ತಿದ್ದೇನೆ. ಅಕ್ಷರದ ಕೆಲಸ ಮುಗಿದಿದೆ. ಲೇಬಲ್ ಅರ್ಧ ಆಗಿದೆ. ಬೋರ್ಡಿಗೆ ಇನ್ನೂ ಕೈ ಹಾಕಿಲ್ಲ.

ಚಳ್ಳಕೆರೆ ಅಂದರೆ ಗೊತ್ತಲ್ವಾ, ಶೇಂಗಾ ಸೀಮೆ. ಎಣ್ಣೆ ಮಿಲ್ಲುಗಳಿಂದಲೇ ಹೆಸರಾದ ಊರು. ಅಂಥ ಊರಲ್ಲಿ ಸಣ್ಣ ಗಾಣದ ಅಂಗಡಿ ಬೇರೆಯಾಗಿ ಕಾಣಬೇಕು. ಅಂಗಡಿಯವರು ಮೊದಲು ಕೇಳಿದ್ದು ಗಾಣ ಸುತ್ತುವ ಎತ್ತಿನ ಚಿತ್ರ. ಆದರೆ ಅವರ ಗಾಣ ತಿರುಗೋದು ಕರೆಂಟ್ ಮೋಟಾರಿನಿಂದ. ಇಲ್ಲದ ಎತ್ತನ್ನು ಬಾಟಲಿ ಮೇಲೆ ಹಾಕೋದು ನನಗೆ ಸರಿ ಕಾಣಲಿಲ್ಲ. ಹಾಗೇ ಹೇಳಿದೆ, ಒಪ್ಪಿದರು.

ಕನ್ನಡದಲ್ಲಿ ಹೆಸರನ್ನು ಚೆನ್ನಾಗಿ ಬರೆದರೆ ಪಕ್ಕದಲ್ಲಿ ಬೇರೆ ಚಿತ್ರ ಬೇಕಾಗುವುದೇ ಅಪರೂಪ. ಇದು ನನ್ನ ಗಟ್ಟಿ ನಂಬಿಕೆ. ‘ಗಾಣದ ಎಣ್ಣೆ’ ಅಂತ ದಪ್ಪಗೆ ಬರೆದು ನೋಡಿ. ಣ ಎರಡು ಸಲ ಸಾಲಿನಲ್ಲೇ ನಿಲ್ಲುತ್ತದೆ, ಮೂರನೇ ಸಲ ಒತ್ತಾಗಿ ಕೆಳಗೆ ಇಳಿಯುತ್ತದೆ. ಗಾಣದಿಂದ ಎಣ್ಣೆ ಇಳಿಯುವ ಜಾಗವೂ ಅದೇ! ಹಾಗಾಗಿ ಆ ಒತ್ತನ್ನು ಮಾತ್ರ ಬೇರೆ ಬಣ್ಣದಲ್ಲಿ, ಸ್ವಲ್ಪ ಉದ್ದ ಎಳೆದು ಬಿಟ್ಟಿದ್ದೇನೆ. ಬೇರೆ ಹನಿ ಬರೆಯಲಿಲ್ಲ.

ಅಳತೆಗೆ ಇಟ್ಟುಕೊಂಡಿದ್ದು ಏಕ್ ಟೈಪ್ ತಂಡದ ‘ಅನೇಕ್ ಕನ್ನಡ’ ಫಾಂಟ್. ಅದರಲ್ಲಿ ಅಕ್ಷರದ ದಪ್ಪ, ಅಗಲ ಎರಡನ್ನೂ ಬೇಕಾದಷ್ಟು ಹೊಂದಿಸಿಕೊಳ್ಳಬಹುದು. ಮುಕ್ತ ಲೈಸೆನ್ಸಿನ ಫಾಂಟ್, ದುಡ್ಡು ಕೊಡಬೇಕಿಲ್ಲ. ಸಣ್ಣ ಅಂಗಡಿಗೆ ಇದು ದೊಡ್ಡ ವಿಷಯ. ಅದರ ಮೇಲೆ ಚಿತ್ರ ಬರೆಯುವ ಸಾಫ್ಟ್‌ವೇರ್ ಆದ ಇಂಕ್‌ಸ್ಕೇಪ್‌ನಲ್ಲಿ ನನ್ನದೇ ಗೆರೆ ಎಳೆದೆ. ಜಾಸ್ತಿ ಹೊತ್ತು ಹಿಡಿದಿದ್ದು ಒತ್ತೇ. ಅಕ್ಷರ ದಪ್ಪ ಮಾಡಿದಷ್ಟೂ ಒತ್ತಿನ ಒಳಗಿನ ಖಾಲಿ ಜಾಗ ಮುಚ್ಚಿಕೊಳ್ಳುತ್ತದೆ. ಪರದೆ ಮೇಲೆ ಚೆನ್ನಾಗೇ ಕಾಣುತ್ತದೆ. ಬಿಲ್ ಬುಕ್ಕಿನ ರಬ್ಬರ್ ಸ್ಟಾಂಪಿನಲ್ಲಿ ಮಸಿ ತುಂಬಿ ಬರೀ ಚುಕ್ಕೆ ಆಗುತ್ತದೆ. ಅದಕ್ಕೇ ಒತ್ತಿನ ಗೆರೆ ಸಣ್ಣ ಮಾಡಿ, ಹೊಟ್ಟೆ ಅಗಲ ಬಿಟ್ಟೆ. ಈಗ ಸ್ಟಾಂಪಿನಲ್ಲೂ ಓದಬಹುದು.

ಲೇಬಲ್ಲಿನ ಎರಡನೇ ಸಾಲಿನಲ್ಲಿ ಎಣ್ಣೆಯ ಬಗೆ ಬರಬೇಕು. ಶೇಂಗಾ, ಕುಸುಬೆಗೆ ಒತ್ತಿಲ್ಲ. ಎಳ್ಳು, ಕೊಬ್ಬರಿಗೆ ಇದೆ. ಶೇಂಗಾ ನೋಡಿ ಸಾಲಿನ ಎತ್ತರ ಇಟ್ಟರೆ ಎಳ್ಳಿನ ಒತ್ತು ಕೆಳಗಿನ ಸಾಲಿಗೆ ತಗುಲುತ್ತದೆ. ಆದ್ದರಿಂದ ನಾಲ್ಕಕ್ಕೂ ಎಳ್ಳಿನದೇ ಅಳತೆ. ಈ ಸಾಲನ್ನು ‘ಗಾಣದ’ ಕೆಳಗೆ ಎಡಕ್ಕೆ ಕೂರಿಸಿದೆ. ಬಲಗಡೆ ಜಾಗ ಪೂರ್ತಿ ‘ಎಣ್ಣೆ’ಯ ಒತ್ತಿಗೆ.

ಬಣ್ಣ ಶೇಂಗಾ ಬೀಜದ ಮೇಲಿನ ಸಿಪ್ಪೆಯದು, ಕಂದುಗೆಂಪು. ಒತ್ತಿಗೆ ಮಾತ್ರ ಕಡು ಹಸಿರು. ಹಳದಿ ಬೇಡವೇ ಬೇಡ ಅಂದೆ, ಎಣ್ಣೆ ತುಂಬಿದ ಬಾಟಲಿ ಮೇಲೆ ಹಳದಿ ಮಾಯ ಆಗುತ್ತದೆ. ಒಂದೇ ಬಣ್ಣದಲ್ಲಿ ಅಚ್ಚಾದರೂ ನಿಲ್ಲಬೇಕು, ಬಟ್ಟೆ ಚೀಲಕ್ಕೂ ಇದೇ ಹೋಗುತ್ತದೆ. ಕಾಗದದ ಲೇಬಲ್ ಎಣ್ಣೆ ಕುಡಿದು ಮಂಕಾಗುತ್ತದೆ, ಅದಕ್ಕೆ ಲ್ಯಾಮಿನೇಷನ್ ಇರುವ ಪ್ಲಾಸ್ಟಿಕ್ ಸ್ಟಿಕ್ಕರ್. ಹಸಿರು ಚೌಕದೊಳಗಿನ ಸಸ್ಯಾಹಾರಿ ಗುರುತು, ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್ಎಸ್ಎಸ್ಎಐನ 14 ಅಂಕಿಯ ಲೈಸೆನ್ಸ್ ನಂಬರ್, ತೂಕ, ಬೆಲೆ ಲೇಬಲ್ಲಿನಲ್ಲಿ ಜೋಡಿಸುತ್ತಿದ್ದೇನೆ.

ಪ್ರೆಸ್ಸಿಗೆ ಫೈಲ್ ಕೊಡುವಾಗ ಅಕ್ಷರವನ್ನೆಲ್ಲ ಪಾತ್ (ಫಾಂಟ್ ಬೇಡದ ಬರೀ ಗೆರೆಯ ಆಕಾರ) ಮಾಡಿಯೇ ಕೊಡಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರಲ್ಲ, ಒತ್ತೆಲ್ಲ ಚೆಲ್ಲಾಪಿಲ್ಲಿ ಆಗುತ್ತವೆ.

ಇನ್ನು ಬೋರ್ಡ್. ಕರ್ನಾಟಕದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇಲ್ಲಿ ಹೆಸರೇ ಲೋಗೊ ಆಗಿರುವುದರಿಂದ ಯಾವುದನ್ನೂ ತುರುಕಬೇಕಿಲ್ಲ. ಫ್ಲೆಕ್ಸ್ ಬೇಡ, ತಗಡಿನ ಮೇಲೆ ಪೇಂಟರ್ ಕೈಯಲ್ಲೇ ಬರೆಸೋಣ ಅಂತ ಅಂಗಡಿಯವರನ್ನು ಒಪ್ಪಿಸಿದ್ದೇನೆ. ಬೋರ್ಡಿನಷ್ಟೇ ಅಳತೆಯ ಕಾಗದದ ಪ್ರಿಂಟ್ ತೆಗೆಸಬೇಕು. ರಸ್ತೆಯ ಆಚೆಯಿಂದ ನೋಡಿದಾಗ ಒತ್ತಿನ ಗೆರೆ ಇನ್ನಷ್ಟು ದಪ್ಪ ಬೇಕಾ ಅಂತ ಪೇಂಟರ್ ಜೊತೆ ನಿಂತು ನೋಡಿ, ಆಮೇಲೆ ಬಣ್ಣ ತರಿಸುತ್ತೇವೆ.