ಗೆದ್ದವನ ಮುಂದೆ ಅತ್ತೆ ಕೇಳಿದ್ದು

ಪಂಚಾಯ್ತಿ ಫಲಿತಾಂಶದ ದಿನ ಗೆದ್ದವನ ಮೆರವಣಿಗೆ ನಮ್ಮ ಬೀದಿಗೆ ಬಂದಾಗ ಅರ್ಧ ಬೀದಿ ಬಾಗಿಲು ಹಾಕಿಕೊಂಡಿತ್ತು. ನಮ್ಮ ಸೋದರತ್ತೆ ಮಾತ್ರ ಜಗುಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅವನು ಹಾರ ಹಾಕಿಕೊಂಡೇ ಬಂದು ಕೈ ಮುಗಿದ. "ಅಕ್ಕಾ, ಆಶೀರ್ವಾದ ಮಾಡಿ."

"ನಾನು ನಿನಗೆ ವೋಟು ಹಾಕಿಲ್ಲ ಕಣಪ್ಪ. ಆದ್ರೂ ಈಗ ನೀನೇ ನಮ್ಮ ಮೆಂಬರು. ಕೆರೆ ಸರ್ವೆ ಯಾವಾಗ ಮಾಡಿಸ್ತೀಯ?"

ತಮಟೆಯವನೂ ಕೈ ನಿಲ್ಲಿಸಿ ನೋಡಿದ.

ಆ ಕೆರೆ ಅಂಗಳದ ಒಂದು ಮೂಲೆಗೆ ಲೋಡುಗಟ್ಟಲೆ ಮಣ್ಣು ಸುರಿಸಿದವನೇ ಇವನು. ಅದಕ್ಕೇ ನಾವು ಇವನ ವಿರುದ್ಧ ಮನೆ ಮನೆ ತಿರುಗಿದ್ದು. 11 ವೋಟಿಗೆ ಸೋತೆವು.

ಅವತ್ತಿಂದ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ರಾಗ, ಜನ ದುಡ್ಡಿಗೆ ಮಾರಿಕೊಂಡರು ಅಂತ. ನಮ್ಮ ಕಡೆಯವರೇನು ಬರೀ ಕರಪತ್ರ ಹಂಚಿದ್ರಾ? ಸೋತ ಮೇಲೆ ಮತದಾರರನ್ನು ಬೈಯುವುದು ಬಹಳ ಸುಲಭ. ಅತ್ತೆ ಮಗ ಇನ್ನೂ ಒಂದು ಹೆಜ್ಜೆ ಮುಂದೆ. ಐದು ವರ್ಷ ಪಂಚಾಯ್ತಿ ಮೆಟ್ಟಿಲು ಹತ್ತಲ್ಲವಂತೆ. ಒಳ್ಳೇ ಹುಡುಗ, ಆದರೆ ಮುನಿಸು ಜಾಸ್ತಿ. ಗೆದ್ದವನಿಗೆ ಬೇಕಾಗಿರುವುದೂ ಅದೇ ಅಲ್ವಾ?

ಸಮಾಧಾನ ಹೇಳುವವರೆಲ್ಲ ನಮ್ಮ ಜಿಲ್ಲೆಯ ಸಂತೇಮರಹಳ್ಳಿ ಕಥೆ ತೆಗೆಯುತ್ತಾರೆ. 2004ರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿ ಗೆದ್ದ ಧ್ರುವನಾರಾಯಣ 40,752, ಸೋತ ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಒಂದು ವೋಟು. ಕೃಷ್ಣಮೂರ್ತಿಯವರ ಡ್ರೈವರ್ ವೋಟು ಹಾಕಲಾಗಲಿಲ್ಲವಂತೆ ಅನ್ನುವುದನ್ನು ಎಲ್ಲರೂ ಚಪ್ಪರಿಸಿ ಹೇಳುತ್ತಾರೆ. ಅದೇ ಕೃಷ್ಣಮೂರ್ತಿ 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದರಲ್ಲ, ನಡುವಿನ ಆ 19 ವರ್ಷದ ಬಗ್ಗೆ ಯಾರೂ ಮಾತಾಡಲ್ಲ.

ನನಗೆ ಮಾತ್ರ ಅತ್ತೆಯ ಮಾತೇ ತಲೆಯಲ್ಲಿ ಸುತ್ತುತ್ತಿದೆ. ವೋಟು ಹಾಕಿಲ್ಲ, ಆದ್ರೂ ನೀನೇ ನಮ್ಮ ಮೆಂಬರು. ಅದರಲ್ಲಿ ಶರಣಾಗತಿ ಇಲ್ಲ, ಜಗಳವೂ ಇಲ್ಲ. ಲೆಕ್ಕ ಕೇಳುವ ಧಾಟಿ ಅಷ್ಟೇ. ಪಂಚಾಯತ್ ರಾಜ್ ಕಾಯ್ದೆಯೂ ಹಾಗೇ ಇದೆ. ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮ ಸಭೆ ಆಗಬೇಕು. ವಾರ್ಡ್ ಸಭೆಗೆ ಕೋರಂ, ಅಂದರೆ ಸಭೆ ನಡೆಯಲು ಕನಿಷ್ಠ ಇರಬೇಕಾದ ಜನ, ಎಷ್ಟು ಗೊತ್ತಾ? ಮತದಾರರಲ್ಲಿ ಹತ್ತನೇ ಒಂದು ಭಾಗ ಇಲ್ಲವೇ 20 ಜನ, ಯಾವುದು ಕಡಿಮೆಯೋ ಅದು. ಸೋತವರ ಕಡೆಯೇ 20 ಜನ ಸಿಗಲ್ವಾ? ಯಾರಿಗೆ ವೋಟು ಹಾಕಿದ್ರಿ ಅಂತ ಅಲ್ಲಿ ಯಾರೂ ಕೇಳುವಂತಿಲ್ಲ. ನಮ್ಮಲ್ಲಿ ಇಷ್ಟು ದಿನ ಸಹಿ ಪುಸ್ತಕ ಮನೆ ಮನೆಗೆ ಬರುತ್ತಿತ್ತು, ಸಭೆ ಮಾತ್ರ ನಡೆಯುತ್ತಿರಲಿಲ್ಲ. ನಾವೂ ಸುಮ್ನೆ ಸಹಿ ಹಾಕಿ ಕಳಿಸುತ್ತಿದ್ದೆವು. ಇನ್ನು ಆ ಪುಸ್ತಕಕ್ಕೆ ಮನೆಯಲ್ಲಿ ಸಹಿ ಹಾಕಬಾರದು, ಸಭೆ ಕರೆದರೆ ಬಂದು ಹಾಕುತ್ತೇವೆ ಅನ್ನಬೇಕು ಎಂದು ಬೀದಿಯವರಿಗೆ ಹೇಳಿದ್ದೇನೆ. ಕೆಲವರು ಒಪ್ಪಿದ್ದಾರೆ.

ಒತ್ತುವರಿ ಸರ್ವೆಗೆ ತಹಸೀಲ್ದಾರರಿಗೆ ಅರ್ಜಿಯನ್ನೂ ಬರೆದಾಯಿತು. ಮೊದಲ ಸಹಿ ಹೊಸ ಮೆಂಬರದೇ ಆಗಬೇಕು ಅಂತ ಅತ್ತೆಯ ಹಟ. "ಕಳ್ಳನ ಕೈಲೇ ದೂರು ಕೊಡಿಸ್ತೀಯೇನಮ್ಮ?" ಅಂತ ಮಗ ರೇಗುತ್ತಾನೆ. ನಾನು ಅತ್ತೆಯ ಕಡೆ. ಅವನು ಸಹಿ ಹಾಕಿದರೆ ನಮ್ಮ ಕೆಲಸ ಹಗುರ. ಹಾಕದಿದ್ದರೆ, ಯಾಕೆ ಹಾಕಲಿಲ್ಲ ಅಂತ ಮೊದಲ ವಾರ್ಡ್ ಸಭೆಯಲ್ಲಿ ಅವನಿಗೆ ವೋಟು ಹಾಕಿದವರ ಎದುರಿಗೇ ಕೇಳಬಹುದು.